ಹಿಡಿಯುವುದು ಆಂಟಿವೈರಸ್‌ನ ಕೆಲಸ, ಅಳಿಸುವ ತೀರ್ಮಾನ ಫೈಲಿನ ಒಡೆಯರದು

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಗಲ್ಲಿಯೊಂದರಲ್ಲಿ ನನ್ನ ಪರಿಚಯದವರ ಡಿಟಿಪಿ ಅಂಗಡಿಯಿದೆ. ಒಂದು ಮಧ್ಯಾಹ್ನ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ತಮ್ಮ ಪ್ರಬಂಧದ ಎರಡು ಅಧ್ಯಾಯಗಳನ್ನು ಮುದ್ರಿಸಿಕೊಳ್ಳಲು ಅಲ್ಲಿಗೆ ಪೆನ್‌ಡ್ರೈವ್ ತಂದಿದ್ದರು. ಅದನ್ನು ಸಿಕ್ಕಿಸಿದ ಕೂಡಲೇ ಪರದೆಯ ಬಲಮೂಲೆಯಲ್ಲಿ ಚೌಕವೊಂದು ಮೂಡಿ, ಏಳು ಅಪಾಯಗಳನ್ನು ತೆಗೆದುಹಾಕಲಾಗಿದೆ ಎಂದು ತೋರಿಸಿ ಮಾಯವಾಯಿತು. ಡ್ರೈವ್ ತೆರೆದರೆ ಒಳಗೆ ಏನೂ ಇರಲಿಲ್ಲ.

‘ಅಣ್ಣಾ, ನನ್ನ ಫೋಲ್ಡರ್ ಎಲ್ಲಿ ಹೋದ್ವು ರೀ?’

‘ವೈರಸ್ ಇತ್ರೀ ಅಕ್ಕಾವ್ರೇ, ಆಂಟಿವೈರಸ್ ತಿಂದುಬಿಟ್ಟದ ನೋಡ್ರಿ. ಫಾರ್ಮ್ಯಾಟ್ ಹೊಡ್ದು ಕೊಡ್ಲೇನ್ರಿ?’

ಪಕ್ಕದ ಕುರ್ಚಿಯಲ್ಲಿದ್ದ ನಾನು ಒಂದು ನಿಮಿಷ ತಡೆಯಲು ಹೇಳಿದೆ. ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದಾಗ 16 ಜಿಬಿಯಲ್ಲಿ ಮೂರು ಜಿಬಿಗೂ ಹೆಚ್ಚು ಜಾಗ ತುಂಬಿರುವುದು ಕಾಣಿಸಿತು; ಖಾಲಿ ಡ್ರೈವಿನಲ್ಲಿ ಅಷ್ಟು ಜಾಗ ತುಂಬಿರುವುದು ಸಾಧ್ಯವಿಲ್ಲ. ನಮ್ಮ ಕಡೆಯ ಝೆರಾಕ್ಸ್ ಅಂಗಡಿಗಳಲ್ಲಿ ‘ಶಾರ್ಟ್‌ಕಟ್ ವೈರಸ್’ ಎಂದೇ ಹೆಸರಾಗಿರುವ ಹುಳು (ವರ್ಮ್, ಅಂದರೆ ತಾನಾಗಿಯೇ ಹರಡುವ ದುಷ್ಟ ಪ್ರೋಗ್ರಾಂ) ಮಾಡುವ ಕೆಲಸವಿದು. ಅದು ನಿಜವಾದ ಫೋಲ್ಡರುಗಳನ್ನು ಹೆಸರೇ ಇಲ್ಲದಂತೆ ತೋರುವ ಒಂದು ಗುಪ್ತ ಫೋಲ್ಡರಿನೊಳಗೆ ಸರಿಸಿ, ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. ಬಳಕೆದಾರ ಶಾರ್ಟ್‌ಕಟ್ ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಜೊತೆಗೆ ಹುಳುವೂ ಓಡುತ್ತದೆ. ಆಂಟಿವೈರಸ್ ಆ ಶಾರ್ಟ್‌ಕಟ್‌ಗಳನ್ನು ಸರಿಯಾಗಿಯೇ ಗುರುತಿಸಿ ಅಳಿಸಿತ್ತು, ಆದರೆ ಹುಳು ಮುಚ್ಚಿಟ್ಟ ಫೋಲ್ಡರುಗಳನ್ನು ಮತ್ತೆ ಬೆಳಕಿಗೆ ತಂದಿರಲಿಲ್ಲ. ಗುಪ್ತ ಫೈಲುಗಳನ್ನೂ ಸಿಸ್ಟಂ ಫೈಲುಗಳನ್ನೂ ತೋರಿಸುವಂತೆ ಫೋಲ್ಡರ್ ಆಯ್ಕೆಗಳನ್ನು ಬದಲಿಸಿದ ಮೇಲೆ ಮಸುಕಾದ ಹಳದಿ ಬಣ್ಣದಲ್ಲಿ ಆ ಹೆಸರಿಲ್ಲದ ಫೋಲ್ಡರ್ ಕಾಣಿಸಿತು, ಅದರೊಳಗೆ ಅಧ್ಯಾಯಗಳೆಲ್ಲ ಇದ್ದವು. ಫಾರ್ಮ್ಯಾಟ್ ಮಾಡಿದ್ದರೆ, ವೈರಸ್ಸೂ ಆಂಟಿವೈರಸ್ಸೂ ಮುಟ್ಟದೆ ಬಿಟ್ಟಿದ್ದ ಬರಹವನ್ನು ಅಂಗಡಿಯವರೇ ಅಳಿಸಿದಂತಾಗುತ್ತಿತ್ತು.

ಅಂದು ಆಂಟಿವೈರಸ್ಸಿನ ಪತ್ತೆ ತಪ್ಪಾಗಿರಲಿಲ್ಲ. ತಪ್ಪಿದ್ದು ಪತ್ತೆಯ ನಂತರದ ನಡೆಯಲ್ಲಿ: ಏನನ್ನು ತೆಗೆದೆ, ಅದು ಈಗ ಎಲ್ಲಿದೆ, ಮರಳಿ ತರಬಹುದೇ ಎಂಬುದನ್ನು ಅದು ಹೇಳಲಿಲ್ಲ, ಹೇಳಿದ ಅಷ್ಟಿಷ್ಟನ್ನೂ ಕೀಬೋರ್ಡಿನ ಮುಂದಿದ್ದ ಆಪರೇಟರ್‌ಗೆ ಹೇಳಿತೇ ಹೊರತು ಫೈಲಿನ ಒಡತಿಗೆ ಹೇಳಲಿಲ್ಲ. ಅನುಮಾನಾಸ್ಪದ ಫೈಲ್ ಸಿಕ್ಕ ಮೇಲೆ ತೀರ್ಮಾನ ಯಾರದು ಎಂಬ ಪ್ರಶ್ನೆಯನ್ನು ತಜ್ಞರು ಹೆಚ್ಚಾಗಿ ದೊಡ್ಡ ಕಚೇರಿಗಳನ್ನು ಕಣ್ಣ ಮುಂದಿಟ್ಟುಕೊಂಡು ಚರ್ಚಿಸುತ್ತಾರೆ. ಒಂದೇ ಕಂಪ್ಯೂಟರಿನಲ್ಲಿ ದಿನಕ್ಕೆ ಹತ್ತಾರು ಜನರ ಜಾತಿ–ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿಯ ಅರ್ಜಿ, ಅಂಕಪಟ್ಟಿ, ಪ್ರಬಂಧಗಳು ಹಾದುಹೋಗುವ ನಮ್ಮ ಊರಿನ ಅಂಗಡಿಗಳಲ್ಲಿ ಅದೇ ಪ್ರಶ್ನೆ ಇನ್ನಷ್ಟು ತೊಡಕಿನದಾಗುತ್ತದೆ.

ಫೈಲೊಂದರ ಮೇಲೆ ಅನುಮಾನ ಬಂದಾಗ ಆಂಟಿವೈರಸ್ ಮಾಡಬಹುದಾದ ಕೆಲಸಗಳು ಕೆಲವೇ. ಫೈಲ್ ತೆರೆಯದಂತೆ ತಡೆಯಬಹುದು, ಅದರೊಳಗಿನ ದುಷ್ಟ ಭಾಗವನ್ನಷ್ಟೇ ಕಿತ್ತು ಉಳಿದದ್ದನ್ನು ಶುದ್ಧ ಮಾಡಬಹುದು, ಕ್ವಾರಂಟೈನ್‌ನಲ್ಲಿ ಇಡಬಹುದು, ಪೂರ್ತಿ ಅಳಿಸಬಹುದು, ಇಲ್ಲವೇ ಬಳಕೆದಾರ ಹೇಳಿದರೆ ಹಾಗೆಯೇ ಬಿಡಬಹುದು. ಇವುಗಳಲ್ಲಿ ಅಳಿಸುವುದೊಂದನ್ನು ಬಿಟ್ಟರೆ ಮಿಕ್ಕವನ್ನೆಲ್ಲ ಆಮೇಲೆ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಆದ್ದರಿಂದ ಅಳಿಸುವಿಕೆಯನ್ನು ಉಳಿದ ಕ್ರಮಗಳ ಸಾಲಿನಲ್ಲಿ ಇನ್ನೊಂದು ಆಯ್ಕೆಯೆಂದು ನೋಡದೆ, ಬೇರೆಯೇ ದರ್ಜೆಯ ಕ್ರಮವೆಂದು ಪರಿಗಣಿಸಬೇಕು ಎಂಬುದು ನನ್ನ ವಾದ.

ಕ್ವಾರಂಟೈನ್ ಎಂದರೇನೆಂದು ಅಂಗಡಿಯ ಹುಡುಗರಿಗೆ ಹೇಳುವಾಗ ನಾನು ನಮ್ಮ ಹಳ್ಳಿಗಳ ಕೊಂಡವಾಡದ ಉದಾಹರಣೆ ಕೊಡುತ್ತೇನೆ. ಬೇರೆಯವರ ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ಕೊಂಡವಾಡಕ್ಕೆ ಕೂಡಿಹಾಕುತ್ತಿದ್ದರು. ಅಲ್ಲಿದ್ದಷ್ಟು ದಿನ ಅದು ಯಾರ ಬೆಳೆಯನ್ನೂ ಮೇಯುವಂತಿರಲಿಲ್ಲ, ಆದರೆ ಅದನ್ನು ಕೊಲ್ಲುತ್ತಲೂ ಇರಲಿಲ್ಲ. 1871ರ ಜಾನುವಾರು ಅತಿಕ್ರಮಣ ಕಾಯ್ದೆಯ ಪ್ರಕಾರ ಹಿಡಿದ ದನದ ವಿವರವನ್ನು ಕೊಂಡವಾಡದವನು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು, ಒಡೆಯ ಬಂದು ದಂಡ ಕಟ್ಟಿದರೆ ಬಿಟ್ಟುಕೊಡಬೇಕಿತ್ತು. ಕ್ವಾರಂಟೈನ್ ಕೂಡ ಹೀಗೆಯೇ ನಡೆಯುತ್ತದೆ. ಫೈಲನ್ನು ಮೂಲ ಜಾಗದಿಂದ ತೆಗೆದು, ಯಾರು ಒತ್ತಿದರೂ ಓಡದಂತೆ ಅದರ ರೂಪವನ್ನು ಗೂಢಲಿಪಿಗೆ ಬದಲಿಸಿ, ಬೇರೆಯವರ ಕೈಗೆಟುಕದ ಫೋಲ್ಡರಿನಲ್ಲಿ ಇಡಲಾಗುತ್ತದೆ. ಅದು ಎಲ್ಲಿತ್ತು, ಯಾವ ಹೆಸರಿನಲ್ಲಿ ಪತ್ತೆಯಾಯಿತು, ಯಾವಾಗ ಸಿಕ್ಕಿತು ಎಂಬುದು ದಾಖಲಾಗುತ್ತದೆ. ಅಲ್ಲಿರುವ ಫೈಲಿನಿಂದ ಅಪಾಯವಿಲ್ಲ. ಹಾಗಿದ್ದ ಮೇಲೆ ಪತ್ತೆಯಾದ ಕ್ಷಣದಲ್ಲೇ ಅಳಿಸಿಬಿಡುವುದರಿಂದ ಹೆಚ್ಚಿನ ರಕ್ಷಣೆಯೇನೂ ಸಿಗುವುದಿಲ್ಲ, ಡಿಸ್ಕಿನಲ್ಲಿ ಒಂದಿಷ್ಟು ಜಾಗ ಉಳಿಯಬಹುದು ಅಷ್ಟೇ.

ಶುದ್ಧ ಮಾಡುವುದಕ್ಕೂ ಅಳಿಸುವುದಕ್ಕೂ ಇರುವ ಅಂತರವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಜನರ ಹೆಚ್ಚಿನ ಗೊಂದಲ ಇರುವುದು ಇಲ್ಲಿಯೇ. ಸ್ಯಾಲಿಟಿ, ವೈರಟ್, ರ‍್ಯಾಮ್‌ನಿಟ್‌ನಂಥವು ನಿಜವಾದ ಅರ್ಥದಲ್ಲಿ ವೈರಸ್‌ಗಳು. ಒಳ್ಳೆಯ ಪ್ರೋಗ್ರಾಂ ಫೈಲಿಗೆ ತಮ್ಮ ಕೋಡನ್ನು ಅಂಟಿಸಿ ಅದರ ಮೂಲಕ ಹರಡುತ್ತವೆ. ಅಂಥ ಫೈಲಿನಿಂದ ಅಂಟಿದ ಭಾಗವನ್ನು ಬಿಡಿಸಿ ಮೂಲವನ್ನು ಉಳಿಸಲು ಕೆಲವೊಮ್ಮೆ ಸಾಧ್ಯ. ವರ್ಡ್ ದಾಖಲೆಯೊಳಗೆ ಸೇರಿದ ಮ್ಯಾಕ್ರೋ (ದಾಖಲೆಯಲ್ಲೇ ಅಡಗಿರುವ ಪುಟ್ಟ ಪ್ರೋಗ್ರಾಂ) ವೈರಸ್ಸಿನ ವಿಷಯದಲ್ಲಿ ಇದು ಇನ್ನೂ ಸುಲಭ: ಮ್ಯಾಕ್ರೋವನ್ನು ತೆಗೆದರೆ ಬರಹ ಸಾಮಾನ್ಯವಾಗಿ ಅಕ್ಷರವೂ ಕೆಡದೆ ಉಳಿಯುತ್ತದೆ. ಟ್ರೋಜನ್ ಹಾಗಲ್ಲ. ಅದರಲ್ಲಿ ಒಳ್ಳೆಯ ಭಾಗವೆಂಬುದೇ ಇಲ್ಲ, ಇಡೀ ಫೈಲೇ ವಂಚನೆಗಾಗಿ ಬರೆದದ್ದು. ಆದ್ದರಿಂದ ‘ಕ್ಲೀನ್’ ಒತ್ತಿದರೂ ಅದು ಶುದ್ಧವಾಗುವುದಿಲ್ಲ, ಒಂದೋ ಕ್ವಾರಂಟೈನ್‌ಗೆ ಹೋಗುತ್ತದೆ, ಇಲ್ಲವೇ ಅಳಿಯುತ್ತದೆ. ಇನ್ನೊಂದು ಬಗೆಯ ಹಾನಿಯಿದೆ. ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶ ಇಡೀ ಇನ್‌ಬಾಕ್ಸನ್ನು ಒಂದೇ ಫೈಲಿನಲ್ಲಿ ಇಡಬಲ್ಲದು. ಸಾವಿರಾರು ಪತ್ರಗಳ ನಡುವೆ ಒಂದರಲ್ಲಿ ಕೆಟ್ಟ ಅಟ್ಯಾಚ್‌ಮೆಂಟ್ ಇದ್ದು, ಆಂಟಿವೈರಸ್ ಆ ಫೈಲನ್ನೇ ಎತ್ತಿಕೊಂಡು ಹೋದರೆ ಎಲ್ಲ ಪತ್ರಗಳೂ ಅದರ ಜೊತೆಗೆ ಹೋಗುತ್ತವೆ. ಬಂದ ಪತ್ರಗಳನ್ನು ಒಂದೊಂದಾಗಿ ಹಿಡಿಯಲು ಆಂಟಿವೈರಸ್‌ಗೆ ಅವಕಾಶ ಕೊಡುವ ಪ್ರತ್ಯೇಕ ಆಯ್ಕೆಯನ್ನು ಥಂಡರ್‌ಬರ್ಡ್ ಇಟ್ಟಿರುವುದು ಇದೇ ಕಾರಣಕ್ಕೆ.

ಪತ್ತೆಯೇ ತಪ್ಪಾಗಿರುವ ಸಂದರ್ಭಗಳೂ ಇವೆ. ಆಂಟಿವೈರಸ್ ಒಂದು ಫೈಲನ್ನು ಕೆಟ್ಟದ್ದೆಂದು ನಿರ್ಧರಿಸಲು ಮೂರು ದಾರಿಗಳನ್ನು ಬಳಸುತ್ತದೆ. ಮೊದಲನೆಯದು ಗೊತ್ತಿರುವ ದುಷ್ಟ ಫೈಲಿನ ಗುರುತಿನೊಡನೆ ಹೋಲಿಕೆ. ಎರಡನೆಯದು ಫೈಲಿನ ನಡವಳಿಕೆಯಿಂದಲೋ ರಚನೆಯಿಂದಲೋ ಮಾಡುವ ಊಹೆ. ಮೂರನೆಯದು ಅದನ್ನು ಜಗತ್ತಿನಲ್ಲಿ ಎಷ್ಟು ಜನ ಬಳಸುತ್ತಿದ್ದಾರೆ, ಯಾರ ಡಿಜಿಟಲ್ ಸಹಿ ಇದೆ ಎಂಬ ಖ್ಯಾತಿಯ ಲೆಕ್ಕ. ಕನ್ನಡಿಗರಿಗೆ ಪೆಟ್ಟು ಬೀಳುವುದು ಎರಡನೆಯ ಮತ್ತು ಮೂರನೆಯ ದಾರಿಗಳಲ್ಲಿ. ಕನ್ನಡ ಟೈಪಿಂಗ್ ತಂತ್ರಾಂಶವು ತನ್ನ ಸ್ವಭಾವದಿಂದಲೇ ನಾವು ಒತ್ತುವ ಪ್ರತಿಯೊಂದು ಕೀಲಿಯನ್ನೂ ನಡುವೆ ಹಿಡಿದು, ಅದನ್ನು ಕನ್ನಡ ಅಕ್ಷರವಾಗಿ ಬದಲಿಸಿ ಮುಂದೆ ಕಳಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಮೊದಲ ಹಂತದಲ್ಲಿ ಮಾಡುವುದು ಇದನ್ನೇ. ಇನ್ನು ಗಂಜ್ ಪ್ರದೇಶದ ಅಡತಿ ಅಂಗಡಿಗೋ ದಾಲ್ ಮಿಲ್ಲಿಗೋ ಸ್ಥಳೀಯ ಯುವಕನೊಬ್ಬ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ ಇಡೀ ಜಗತ್ತಿನಲ್ಲಿ ಇಪ್ಪತ್ತು ಕಂಪ್ಯೂಟರುಗಳಲ್ಲಿ ಇರಬಹುದು, ಹಣ ಕೊಟ್ಟು ಪಡೆಯುವ ಸಹಿಯ ಪ್ರಮಾಣಪತ್ರ ಅವನ ಬಳಿ ಇಲ್ಲದಿರಬಹುದು. ಖ್ಯಾತಿಯನ್ನು ತಲೆಯೆಣಿಕೆಯಿಂದ ಅಳೆಯುವ ವ್ಯವಸ್ಥೆಗೆ ಅಂಥ ಪ್ರೋಗ್ರಾಂ ಅಪರಿಚಿತ, ಅಪರಿಚಿತವಾದ್ದರಿಂದಲೇ ಅನುಮಾನಾಸ್ಪದ. ಸಣ್ಣ ಭಾಷೆಯ, ಸಣ್ಣ ಊರಿನ ತಂತ್ರಾಂಶಕ್ಕೆ ಆಗುವ ಈ ಅನ್ಯಾಯ ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಅದು ಅನ್ಯಾಯವೇ, ಮತ್ತು ಫೈಲನ್ನು ಮರಳಿ ಪಡೆಯುವ ಹಕ್ಕು ಬಳಕೆದಾರರಿಗೆ ಇರಲೇಬೇಕು ಎನ್ನಲು ನನಗೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಪತ್ತೆಯಾದ ಹೆಸರನ್ನು ಓದಲು ಕಲಿತರೆ ಅದು ಖಚಿತ ಗುರುತೋ ಊಹೆಯೋ ಎಂಬುದು ಸುಮಾರಾಗಿ ತಿಳಿಯುತ್ತದೆ. ಹೆಸರಿನಲ್ಲಿ ‘ಜೆನ್’ ಎಂದಿದ್ದರೆ ಅದು ಒಂದು ಸಾಮಾನ್ಯ ವರ್ಗ, ‘ಹ್ಯೂರ್’ ಎಂದಿದ್ದರೆ ನಡವಳಿಕೆಯ ಅಥವಾ ರಚನೆಯ ಮೇಲಿನ ಊಹೆ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಮೈಕ್ರೋಸಾಫ್ಟ್ ಡಿಫೆಂಡರ್ ಕೊಡುವ ಹೆಸರಿನ ಕೊನೆಯಲ್ಲಿ ಆಶ್ಚರ್ಯಚಿಹ್ನೆಯ ನಂತರ ‘ಎಂಎಲ್’ ಎಂದಿದ್ದರೆ ಅದು ಯಂತ್ರಕಲಿಕೆಯ ಮಾದರಿ ಕೊಟ್ಟ ತೀರ್ಪು. ಊಹೆಯೆಂದರೆ ಸುಳ್ಳೆಂದು ಅರ್ಥವಲ್ಲ, ಹೊಸ ಅಪಾಯಗಳಲ್ಲಿ ಬಹಳಷ್ಟು ಸಿಕ್ಕಿಬೀಳುವುದು ಊಹೆಯಿಂದಲೇ. ಆದರೆ ಇಂಥ ಪತ್ತೆಯನ್ನು ಇನ್ನೊಮ್ಮೆ ಪರಿಶೀಲಿಸಲು ಕಾರಣವಿದೆ.

ದೊಡ್ಡ ಆಂಟಿವೈರಸ್ ಕಂಪನಿಗಳೂ ಎಡವಿವೆ. 2007ರ ಮೇ ತಿಂಗಳಲ್ಲಿ ಸಿಮ್ಯಾಂಟೆಕ್‌ನ ಅಪ್‌ಡೇಟ್ ಒಂದು ಚೀನೀ ಭಾಷೆಯ ವಿಂಡೋಸ್ ಎಕ್ಸ್‌ಪಿಯ ಎರಡು ಸಿಸ್ಟಂ ಫೈಲುಗಳನ್ನು ಟ್ರೋಜನ್ ಎಂದು ತೆಗೆದುಹಾಕಿತು, ಆ ಕಂಪ್ಯೂಟರುಗಳು ಮತ್ತೆ ಶುರುವಾಗಲಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿಯ 5958ನೇ ಸಂಖ್ಯೆಯ ಅಪ್‌ಡೇಟ್ ಎಕ್ಸ್‌ಪಿಯ ಎಸ್‌ವಿಸಿ‌ಹೋಸ್ಟ್ ಎಂಬ ಬೆನ್ನೆಲುಬಿನಂಥ ಫೈಲನ್ನು ವೈರಸ್ ಎಂದು ಹಿಡಿಯಿತು. ಕಂಪ್ಯೂಟರುಗಳು ನೆಟ್‌ವರ್ಕ್ ಕಳೆದುಕೊಂಡು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. 2023ರ ಜನವರಿ 13ರಂದು ಡಿಫೆಂಡರ್‌ನ ಒಂದು ನಿಯಮ ತಪ್ಪಾಗಿ ಕೆಲಸ ಮಾಡಿ ಅನೇಕ ಕಚೇರಿಗಳ ಸ್ಟಾರ್ಟ್ ಮೆನು ಮತ್ತು ಟಾಸ್ಕ್‌ಬಾರ್‌ನ ಶಾರ್ಟ್‌ಕಟ್‌ಗಳನ್ನು ಅಳಿಸಿತು. ಹೀಗೆ ಅಳಿದವು ಕ್ವಾರಂಟೈನ್‌ನಲ್ಲಿ ಉಳಿದಿರಲಿಲ್ಲವಾದ್ದರಿಂದ, ಸಾಮಾನ್ಯ ಪ್ರೋಗ್ರಾಂಗಳ ಶಾರ್ಟ್‌ಕಟ್‌ಗಳನ್ನು ಹೊಸದಾಗಿ ರಚಿಸುವ ಸ್ಕ್ರಿಪ್ಟ್ ಒಂದನ್ನು ಮೈಕ್ರೋಸಾಫ್ಟ್ ಬಿಡುಗಡೆ ಮಾಡಬೇಕಾಯಿತು. ಕ್ವಾರಂಟೈನ್ ಕೂಡ ಎಲ್ಲ ಸಂದರ್ಭಕ್ಕೂ ಸಾಲದು ಎಂಬುದನ್ನು 2010ರ ಘಟನೆ ತೋರಿಸಿದರೆ, ಕ್ವಾರಂಟೈನ್ ಇಲ್ಲದಿದ್ದರೆ ಎಷ್ಟು ಕಷ್ಟ ಎಂಬುದನ್ನು 2023ರದು ತೋರಿಸಿತು.

ಹಾಗಾದರೆ ಪ್ರತಿ ಬಾರಿಯೂ ಬಳಕೆದಾರರನ್ನೇ ಕೇಳಲಿ ಎಂದು ಕೆಲವರು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದಿನ ಆಂಟಿವೈರಸ್‌ಗಳು ಹಾಗೆಯೇ ಕೇಳುತ್ತಿದ್ದವು: ಸರಿಪಡಿಸಲೇ, ಅಳಿಸಲೇ, ಬಿಡಲೇ? ಮುಂದೆ ಹತ್ತು ಜನ ಸಾಲುಗಟ್ಟಿ ನಿಂತಿರುವಾಗ ಆಪರೇಟರ್ ಒತ್ತುತ್ತಿದ್ದದ್ದು ಕಿಟಕಿ ಬೇಗ ಮುಚ್ಚುವ ಗುಂಡಿಯನ್ನು. ಫೈಲುಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ರಾನ್ಸಮ್‌ವೇರ್ ಓಡತೊಡಗಿದರೆ ಚಹಾ ಕುಡಿಯಲು ಹೋದವನು ಬರುವುದರೊಳಗೆ ಡಿಸ್ಕಿನ ಫೈಲುಗಳೆಲ್ಲ ಬೀಗ ಬಿದ್ದಂತಾಗಿರುತ್ತವೆ, ಆದ್ದರಿಂದ ತಡೆಯುವ ಕೆಲಸ ಕೇಳದೆಯೇ, ಆ ಕ್ಷಣದಲ್ಲೇ ನಡೆಯಬೇಕು. ಕೇಳಿ ಪಡೆದ ಒಪ್ಪಿಗೆಯನ್ನು ವಂಚಕರು ಬಳಸಿಕೊಳ್ಳುತ್ತಾರೆ ಎಂಬುದೂ ಅಷ್ಟೇ ನಿಜ. ಕಳ್ಳ ಪ್ರತಿಯ ಫೋಟೋಶಾಪನ್ನು ಹಂಚುವವರ ಸೂಚನೆಯಲ್ಲಿ ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂಬ ಸಾಲು ಇದ್ದೇ ಇರುತ್ತದೆ. ಸ್ಟಾಪ್ ಎಂಬ ರಾನ್ಸಮ್‌ವೇರ್ ಕುಟುಂಬ ಜಗತ್ತಿನಾದ್ಯಂತ ಹರಡಿದ್ದು ಮುಖ್ಯವಾಗಿ ಇಂಥ ಕ್ರ್ಯಾಕ್‌ಗಳ ಬೆನ್ನೇರಿ. ಮೊಬೈಲಿನಲ್ಲೂ ಅದೇ ಕಥೆ. ಮದುವೆಯ ಆಮಂತ್ರಣ ಎಂದೋ ಟ್ರಾಫಿಕ್ ಚಲನ್ ಎಂದೋ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲನ್ನು (ಆಂಡ್ರಾಯ್ಡ್ ಆ್ಯಪ್‌ನ ಫೈಲ್) ಫೋನಿನಲ್ಲೇ ಇರುವ ಗೂಗಲ್‌ನ ಕಾವಲು ಪ್ಲೇ ಪ್ರೊಟೆಕ್ಟ್ ತಡೆದರೆ, ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದು ಹೇಗೆಂದು ಕಳಿಸಿದವರೇ ಹೇಳಿಕೊಡುತ್ತಾರೆ. 2019ರಲ್ಲಿ ಮೈಕ್ರೋಸಾಫ್ಟ್ ಟ್ಯಾಂಪರ್ ಪ್ರೊಟೆಕ್ಷನ್ ತಂದು, ಹೊರಗಿನ ಪ್ರೋಗ್ರಾಂಗಳು ಡಿಫೆಂಡರ್‌ನ ಮುಖ್ಯ ಸೆಟ್ಟಿಂಗ್‌ಗಳನ್ನು ಬದಲಿಸದಂತೆ ಬೀಗ ಹಾಕಿದ್ದು ಸರಿಯಾದ ಹೆಜ್ಜೆ.

ಆದರೆ ಬೀಗ ಹಾಕುವ ಭರದಲ್ಲಿ ಕೆಲವು ನ್ಯಾಯವಾದ ಆಯ್ಕೆಗಳೂ ಬಳಕೆದಾರರ ಕಣ್ಣಿನಿಂದ ದೂರವಾಗಿವೆ. 2009ರಲ್ಲಿ ಬಂದ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎಂಬ ಆಂಟಿವೈರಸ್‌ನಲ್ಲಿ ಅಪಾಯದ ನಾಲ್ಕು ಮಟ್ಟಗಳಿಗೂ ಬೇರೆ ಬೇರೆ ಕ್ರಮವನ್ನು ಆರಿಸುವ ಪುಟವಿತ್ತು. ತೀವ್ರವಾದದ್ದನ್ನು ತೆಗೆದುಹಾಕು, ಉಳಿದದ್ದನ್ನು ಕ್ವಾರಂಟೈನ್‌ಗೆ ಕಳಿಸು ಎಂದು ಸಾಮಾನ್ಯ ಬಳಕೆದಾರನೂ ಹೇಳಬಹುದಿತ್ತು. ವಿಂಡೋಸ್ 10ರ ಹೊತ್ತಿಗೆ ಆ ಪುಟ ಪರದೆಯಿಂದ ಮರೆಯಾಯಿತು. ಅದೇ ಆಯ್ಕೆಗಳು ತಜ್ಞರು ಬಳಸುವ ಗ್ರೂಪ್ ಪಾಲಿಸಿಯಲ್ಲೂ ಟೈಪ್ ಮಾಡಿ ಕೊಡುವ ಪವರ್‌ಶೆಲ್ ಆದೇಶಗಳಲ್ಲೂ ಇವೆ, ಆದರೆ ವಿಂಡೋಸ್‌ನ ಹೋಂ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿಯ ಸಂಪಾದಕವೇ ಇಲ್ಲ, ನಮ್ಮ ಸಣ್ಣ ಅಂಗಡಿಗಳಲ್ಲಿ ಇರುವುದು ಬಹುತೇಕ ಹೋಂ ಆವೃತ್ತಿ. ಇದಕ್ಕೆ ಪೂರ್ತಿ ವಿರುದ್ಧ ತುದಿಯಲ್ಲಿರುವುದು ಮುಕ್ತ ತಂತ್ರಾಂಶವಾದ ಕ್ಲ್ಯಾಮ್‌ಎವಿ: ಅದರ ಸ್ಕ್ಯಾನರ್ ಸ್ವತಃ ಏನನ್ನೂ ಮುಟ್ಟದೆ ಪತ್ತೆಯಾದದ್ದನ್ನು ವರದಿ ಮಾಡಿ ಸುಮ್ಮನಾಗುತ್ತದೆ, ಸರಿಸು ಅಥವಾ ಅಳಿಸು ಎಂದು ನಾವಾಗಿ ಹೇಳಿದರೆ ಮಾತ್ರ ಹಾಗೆ ಮಾಡುತ್ತದೆ. ಸರ್ವರ್ ನೋಡಿಕೊಳ್ಳುವ ತಜ್ಞರಿಗೆ ಅದು ಸರಿ. ಅಂಗಡಿಯ ಕಂಪ್ಯೂಟರಿಗೆ ಅದನ್ನು ನಾನು ಸಲಹೆ ಮಾಡಲಾರೆ.

ಉಳಿದಿರುವ ಆಯ್ಕೆಗಳಲ್ಲಿ ಎರಡು ಪದಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ‘ರಿಸ್ಟೋರ್’ ಎಂದರೆ ಕ್ವಾರಂಟೈನ್‌ನಲ್ಲಿರುವ ಫೈಲನ್ನು ಮೊದಲಿದ್ದ ಜಾಗಕ್ಕೆ ಮರಳಿಸುವುದು. ‘ಅಲೋ’ ಎಂದರೆ ಆ ಪತ್ತೆಯನ್ನು ಇನ್ನು ಮುಂದೆ ತಡೆಯಬೇಡ ಎಂದು ಹೇಳಿದಂತೆ, ಮತ್ತು ಆ ಅನುಮತಿ ನಾವೇ ಹಿಂತೆಗೆದುಕೊಳ್ಳುವವರೆಗೆ ಪಟ್ಟಿಯಲ್ಲಿ ಉಳಿಯುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು ಎಕ್ಸ್‌ಕ್ಲೂಷನ್, ಅಂದರೆ ಇಂಥ ಫೋಲ್ಡರಿನ ಕಡೆ ನೋಡಲೇಬೇಡ ಎಂಬ ಸೂಚನೆ. ಒಂದು ದಾಲ್ ಮಿಲ್ಲಿನ ಲೆಕ್ಕದ ಕೋಣೆಯಲ್ಲಿ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ನಿಧಾನವಾಗುತ್ತಿದೆ ಎಂದು ರಿಪೇರಿಗೆ ಬಂದವರು ಇಡೀ ಡಿ ಡ್ರೈವನ್ನೇ ಎಕ್ಸ್‌ಕ್ಲೂಷನ್‌ಗೆ ಸೇರಿಸಿ ಹೋಗಿದ್ದನ್ನು ನಾನು ಕಂಡಿದ್ದೇನೆ. ಟ್ಯಾಲಿಯ ದತ್ತಾಂಶದ ಫೋಲ್ಡರ್ ಒಂದನ್ನು ಸೇರಿಸಿದ್ದರೆ ಸಾಕಾಗುತ್ತಿತ್ತು. ಡೌನ್‌ಲೋಡ್‌ಗಳೂ ಪೆನ್‌ಡ್ರೈವಿನಿಂದ ಇಳಿಸಿಕೊಂಡ ಫೈಲುಗಳೂ ಅದೇ ಡ್ರೈವಿನಲ್ಲಿದ್ದವು, ಅವುಗಳ ಮೇಲೆ ಎರಡು ವರ್ಷ ಯಾವ ಕಾವಲೂ ಇರಲಿಲ್ಲ. ಮಾಲ್‌ವೇರ್ (ದುಷ್ಟ ತಂತ್ರಾಂಶ) ಬರೆಯುವವರಿಗೂ ಈ ಬಾಗಿಲು ಗೊತ್ತಿದೆ, ಕೆಲವು ಟ್ರೋಜನ್‌ಗಳು ಅಡ್ಮಿನಿಸ್ಟ್ರೇಟರ್ ಅಧಿಕಾರ ಸಿಕ್ಕೊಡನೆ ತಮ್ಮ ಫೋಲ್ಡರನ್ನು ತಾವೇ ಆ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ಎಲ್ಲರೂ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲೇ ಕೆಲಸ ಮಾಡುವ ಅಂಗಡಿಯಲ್ಲಿ ಆ ಅಧಿಕಾರ ಸಿಗುವುದು ಕಷ್ಟವೇನಲ್ಲ.

ಮತ್ತೆ ಒಡೆತನದ ಮಾತಿಗೆ ಬರುತ್ತೇನೆ. ಪತ್ತೆ ಸರಿಯೋ ತಪ್ಪೋ ತಿಳಿಯದಾಗ ಫೈಲನ್ನು ವೈರಸ್‌ಟೋಟಲ್‌ಗೆ ಹಾಕಿ ನೋಡುವುದು ಒಳ್ಳೆಯ ರೂಢಿ ಎಂದು ಹೇಳಲಾಗುತ್ತದೆ. 2004ರಲ್ಲಿ ಸ್ಪೇನಿನಲ್ಲಿ ಶುರುವಾಗಿ 2012ರಲ್ಲಿ ಗೂಗಲ್ ಕೈಸೇರಿದ ಈ ಸೇವೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯವನ್ನು ಒಟ್ಟಿಗೆ ಕೊಡುತ್ತದೆ. ಆದರೆ ಅಲ್ಲಿಗೆ ಏರಿಸಿದ ಫೈಲ್ ಖಾಸಗಿಯಾಗಿ ಉಳಿಯುವುದಿಲ್ಲ, ಭದ್ರತಾ ಕಂಪನಿಗಳಿಗೂ ಚಂದಾದಾರ ಸಂಶೋಧಕರಿಗೂ ಲಭ್ಯವಾಗುತ್ತದೆ. ಪ್ರೋಗ್ರಾಂ ಫೈಲಾದರೆ ಚಿಂತೆಯಿಲ್ಲ; ಗಿರಾಕಿಯ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಆಸ್ತಿ ಪತ್ರಗಳಿರುವ ದಾಖಲೆಯನ್ನು ಆಪರೇಟರ್ ತನ್ನ ಅನುಮಾನ ತೀರಿಸಿಕೊಳ್ಳಲು ಅಲ್ಲಿ ಹಾಕುವುದು ತಪ್ಪು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಬಗ್ಗೆ ಹೇಳುವುದರ ತಿರುಳು ಅಂಗಡಿಯ ಕೌಂಟರಿಗೂ ಅನ್ವಯಿಸಬೇಕು. ಫೈಲಿನ ಬದಲು ಅದರ ಹ್ಯಾಶ್ ಸಂಖ್ಯೆಯನ್ನಷ್ಟೇ (ಫೈಲಿನಿಂದ ಲೆಕ್ಕಹಾಕಿ ಪಡೆಯುವ ಬೆರಳಚ್ಚಿನಂಥ ಗುರುತು) ಅಲ್ಲಿ ಹುಡುಕಬಹುದು, ಆಗ ಒಳಗಿನ ಮಾಹಿತಿ ಎಲ್ಲಿಗೂ ಹೋಗುವುದಿಲ್ಲ.

ನಿಮ್ಮ ಆಂಟಿವೈರಸ್ ಯಾವ ಕ್ರಮ ಕೈಗೊಳ್ಳುತ್ತದೆ ಎಂಬುದನ್ನು ಅಪಾಯವಿಲ್ಲದೆ ಪರೀಕ್ಷಿಸಲು ಐಕಾರ್ ಪರೀಕ್ಷಾ ಫೈಲ್ ಇದೆ. ಅದು 68 ಅಕ್ಷರಗಳ ಒಂದೇ ಸಾಲು. ಯಾವ ಹಾನಿಯನ್ನೂ ಮಾಡುವುದಿಲ್ಲ, ಆದರೆ ಆಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಪರಿಗಣಿಸುವಂತೆ ಒಪ್ಪಂದವಿದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ಹಾಕಿ ಉಳಿಸಿ ನೋಡಿದರೆ ಫೈಲ್ ಮಾಯವಾಯಿತೇ, ಕ್ವಾರಂಟೈನ್‌ಗೆ ಹೋಯಿತೇ, ಮರಳಿ ತರುವ ಗುಂಡಿ ಎಲ್ಲಿದೆ ಎಂಬುದೆಲ್ಲ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಪತ್ತೆಯಾದೊಡನೆ ಕೈಗೊಳ್ಳುವ ಮೊದಲ ಕ್ರಮ ಅಳಿಸುವುದೆಂದು ಇದ್ದರೆ ಅದನ್ನು ಕ್ವಾರಂಟೈನ್‌ಗೆ ಬದಲಿಸಬೇಕು. ಕ್ರಮಕ್ಕೆ ಮೊದಲು ಫೈಲಿನ ಬ್ಯಾಕಪ್ ಇಡುವ ಸೆಟ್ಟಿಂಗ್ ಇದ್ದರೆ ಅದನ್ನು ಆನ್ ಮಾಡಬೇಕು. ದಿನದ ಕೆಲಸಕ್ಕೆ ಸಾಮಾನ್ಯ ಖಾತೆ, ರಿಸ್ಟೋರ್ ಮಾಡಲು ಮಾತ್ರ ಮಾಲೀಕರ ಪಾಸ್‌ವರ್ಡ್ ಇರುವ ಅಡ್ಮಿನಿಸ್ಟ್ರೇಟರ್ ಖಾತೆ ಎಂದು ಬೇರ್ಪಡಿಸಿದರೆ ಆತುರದ ಕ್ಲಿಕ್ಕುಗಳು ತಾವಾಗಿಯೇ ಕಡಿಮೆಯಾಗುತ್ತವೆ. ತಪ್ಪು ಪತ್ತೆಯೆಂದು ಖಚಿತವಾದರೆ ಆ ಕಂಪನಿಗೆ ಫೈಲನ್ನು ಕಳಿಸಿ ತಿದ್ದಿಸಬಹುದು. ಸ್ಥಳೀಯ ಬಿಲ್ಲಿಂಗ್ ಪ್ರೋಗ್ರಾಂ ಬರೆದ ಯುವಕ ಇದನ್ನು ಪ್ರತಿ ಹೊಸ ಆವೃತ್ತಿಗೂ ಮಾಡಬೇಕಾಗುತ್ತದೆ, ಅದು ಬೇಸರದ ಕೆಲಸವೇ ಸರಿ, ಆದರೆ ಗಿರಾಕಿಗಳಿಗೆ ‘ಆಂಟಿವೈರಸ್ ಆಫ್ ಮಾಡ್ರಿ’ ಎಂದು ಹೇಳುವುದಕ್ಕಿಂತ ಮೇಲು.

ಸೂಪರ್ ಮಾರ್ಕೆಟ್‌ನ ಆ ಅಂಗಡಿಯಲ್ಲಿ ಈಗ ಕೌಂಟರಿನ ಮೇಲೆ ಇನ್ನೂರು ಪುಟದ ನೋಟ್‌ಬುಕ್ ಒಂದು ದಾರದಿಂದ ಕಟ್ಟಿಟ್ಟಿದೆ. ಪೆನ್‌ಡ್ರೈವಿನಲ್ಲಿ ಏನಾದರೂ ಪತ್ತೆಯಾದರೆ ಆಪರೇಟರ್ ತಾರೀಖು, ಫೈಲಿನ ಹೆಸರು, ಆಂಟಿವೈರಸ್ ಕೊಟ್ಟ ಹೆಸರು ಇಷ್ಟನ್ನು ಬರೆದು, ಪರದೆಯನ್ನು ಗಿರಾಕಿಯ ಕಡೆ ತಿರುಗಿಸಿ ತೋರಿಸುತ್ತಾರೆ. ಅಳಿಸಿ ಎಂದರೆ ಸಹಿ ಮಾಡಿಸಿಕೊಂಡು ಅಳಿಸುತ್ತಾರೆ. ಮೊನ್ನೆ ನಾನು ತಿರುವಿ ನೋಡಿದಾಗ ಹದಿನಾಲ್ಕು ಪುಟ ತುಂಬಿತ್ತು, ಹೆಚ್ಚಿನ ಸಾಲುಗಳ ಮುಂದೆ ಸಹಿಯಿತ್ತು, ನಾಲ್ಕರ ಮುಂದೆ ‘ವಾಪಸ್ ಕೊಟ್ಟಿದೆ’ ಎಂದು ಬರೆದಿತ್ತು.